ಮಹನೀಯರು ಮತ್ತು ಒಂದು ಮೇಕೆ

ಚರ್ಚಿನ ಹಳೇ ಸಾಮಾನಿನ ಅಂಗಡಿಯಲ್ಲಿ, ಯಾರೋ ಸತ್ತವರ ಮನೆಯಿಂದ ಬಂದ ಪೆಟ್ಟಿಗೆಯ ತಳದಿಂದ ಅದನ್ನು ಎಳೆದವಳೇ ಮ್ಯೂರಿಯಲ್ ಕಿರುಚಿಕೊಂಡಳು. ‘ಕಾರಬೂಲಿನ ಮಹನೀಯರು’! ತೊಂಬತ್ತು ವರ್ಷದ ಹಿಂದೆ ಇದೇ ಕಾರಬೂಲ್ ಊರಿನ ಪೋಸ್ಟ್‌ಮಾಸ್ತರ ಊರಿನವರ ಮೇಲೆ ಬರೆದ ತಮಾಷೆ ಪದ್ಯಗಳ ಪುಸ್ತಕ. ಅದರೊಳಗಿನ ಬಿಯರ್ ಕುಡಿಯುವ ಮೇಕೆಯನ್ನು ಹಿಡಿದುಕೊಂಡೇ ಮೆಲ್ಬರ್ನಿನವರು ಹಾಡು ಕುಣಿತದ ನಾಟಕ ಕಟ್ಟಿ, ಎರಡು ವರ್ಷದಿಂದ ಥಿಯೇಟರು ತುಂಬಿಸುತ್ತಿದ್ದರು. ಶನಿವಾರ ಆ ತಂಡ ಮೇಕೆಯ ಊರು ನೋಡಲು ಬರುವುದಿತ್ತು. ಪುರಭವನದಲ್ಲಿ ಗಾಜಿನ ಪೆಟ್ಟಿಗೆಯೂ ಸಿದ್ಧ; ಒಳಗಿಡಲು ಇಡೀ ಊರಲ್ಲಿ ಒಂದು ಪ್ರತಿಯೂ ಇರಲಿಲ್ಲ.

ಈಗ ಇತ್ತು. ಪೆಟ್ಟಿಗೆಯ ಮುಂದೆ ‘ಮ್ಯೂರಿಯಲ್ ಪಾಸ್ಕೋ ಅವರ ಶೋಧ’ ಎಂಬ ಫಲಕ ಇರಬೇಕು ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು. ನಲವತ್ತು ವರ್ಷ ಕಂಡವರ ಹಳೇ ಅಂಗಿಗೆ ಇಸ್ತ್ರಿ ಹಾಕಿದವಳಿಗೆ ಅಷ್ಟಾದರೂ ಬೇಡವೇ? ಹನ್ನೆರಡು ಹಾಳೆಯಲ್ಲಿ ಉಳಿದದ್ದು ಎರಡೇ, ಒಂದು ಮೇಕೆಯದು. ಉಳಿದವನ್ನು ಯಾರೋ ಹೊಲಿಗೆಯ ತನಕ ಹರಿದಿದ್ದರು. ಮಕ್ಕಳ ಕೆಲಸ ಎಂದುಕೊಂಡಳು.

ಸುದ್ದಿ ಹೋದ ಹತ್ತು ನಿಮಿಷಕ್ಕೆ ಪುರಸಭೆ ಅಧ್ಯಕ್ಷ ಕ್ಲೈವ್ ಟ್ರೆಗಿಯರ್ ಏದುಸಿರು ಬಿಡುತ್ತ ಬಂದ. ಆ ಇನ್ನೊಂದು ಹಾಳೆಯ ಎರಡೂ ಬದಿ ಓದಿದ. ಮುಖ ಹುಳ್ಳಗಾಯಿತು.

“ಏನೋ ಅದು? ಕೊಡಿಲ್ಲಿ.” ಮ್ಯೂರಿಯಲ್ ಕಿತ್ತುಕೊಂಡು ರಾಗವಾಗಿ ಓದಿದಳು:

“ಟ್ರೆಗಿಯರ್ ಕಟುಕನು ತೂಗಿದ ಮಾಂಸ,
ಹೆಬ್ಬೆರಳಿನದೇ ಅರ್ಧದ ಅಂಶ!
ಬೆರಳಿಗು ಸೇರಿಸಿ ಕಾಸನು ಕೊಟ್ಟೆ,
ಬೆರಳನು ಮಾತ್ರ ಅಲ್ಲೇ ಬಿಟ್ಟೆ!”

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. “ನಿಮ್ಮಜ್ಜನ ಹೆಸರು ರಸ್ತೆಗೆ ಬೇರೆ ಇಟ್ಟಿದ್ದೀಯಲ್ಲೋ!”

“ಒಂದೇ ಹಾಳೆ ಕಣೇ. ಹರಿದುಬಿಡೋಣ. ಯಾರಿಗೆ ಗೊತ್ತಾಗುತ್ತೆ?”

“ನಾಚಿಕೆ ಆಗಲ್ವೇನೋ? ಸಾಹಿತ್ಯ ಇದು! ನಾನು ಬದುಕಿರೋವರ್ಗೂ ಒಂದು ಚೂರು ಹರಿಯೋಕೆ ಬಿಡಲ್ಲ.”

“ಹಾಗಾದ್ರೆ ಹಿಂದಿನ ಬದೀನೂ ಓದು. ಗಟ್ಟಿಯಾಗೇ ಓದು.”

ಮ್ಯೂರಿಯಲ್ ಹಾಳೆ ತಿರುಗಿಸಿ ಶುರುಮಾಡಿದಳು. ಎರಡನೇ ಸಾಲಿಗೆ ದನಿ ಇಳಿಯಿತು, ಮೂರನೆಯದಕ್ಕೆ ನಿಂತೇಹೋಯಿತು. ಅಲ್ಲಿದ್ದದ್ದು ಅವಳ ಅಜ್ಜಿ ಏಡಾ. ಊರಿನ ಕೃಷಿ ಮೇಳದಲ್ಲಿ ಒಂಬತ್ತು ವರ್ಷ ಸ್ಪಂಜ್ ಕೇಕಿಗೆ ಮೊದಲ ಬಹುಮಾನ ಹೊಡೆದ ಏಡಾ. ಆ ಬೆಳ್ಳಿ ಬಟ್ಟಲು ಇವತ್ತಿಗೂ ಮ್ಯೂರಿಯಲ್ ಮನೆಯ ನಡುಕೋಣೆಯಲ್ಲಿದೆ. ಕೇಕು ಮಾತ್ರ, ಪದ್ಯದ ಪ್ರಕಾರ, ಪಕ್ಕದೂರಿನ ಬೇಕರಿಯಿಂದ ಬೆಳಗಿನ ರೈಲಿಗೆ ಬರುತ್ತಿತ್ತು.

“ಸುಳ್ಳು! ಆ ಪೋಸ್ಟ್‌ಮಾಸ್ತರನಿಗೆ ಹೊಟ್ಟೆಕಿಚ್ಚು.”

“ರೈಲಿಂದ ಪಾರ್ಸೆಲ್ ಇಳಿಸ್ತಿದ್ದೋನು ಅವನೇ ಅಲ್ವಾ, ಮಾರಾಯ್ತಿ?”

ಮ್ಯೂರಿಯಲ್ ಬೆಲೆಚೀಟಿ ಕತ್ತರಿಸುವ ಕತ್ತರಿ ತೆಗೆದುಕೊಂಡಳು. ಮೊದಲಿನವರಷ್ಟು ಒರಟಾಗಿ ಅಲ್ಲ, ಅಂಚು ನೇರವಾಗಿ ಬರುವ ಹಾಗೆ.

ಶನಿವಾರ ನಾಟಕದ ನಿರ್ದೇಶಕಿ ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ ನೋಡಿದಳು. “ನಮಗೆ ಸಿಕ್ಕಿದ್ದ ಪ್ರತೀಲೂ ಮೇಕೆ ಪದ್ಯ ಒಂದೇ ಇತ್ತು. ಅದಕ್ಕೇ ಮೇಕೆ ಮೇಲೆ ನಾಟಕ ಮಾಡಿದ್ವಿ. ಉಳಿದ ಮಹನೀಯರೆಲ್ಲ ಎಲ್ಲಿ ಹೋದ್ರು?”

“ಮೇಕೆ ತಿಂದಿರ್ಬೇಕು,” ಎಂದ ಕ್ಲೈವ್.

ಮ್ಯೂರಿಯಲ್ ತಟ್ಟೆ ಮುಂದೆ ಹಿಡಿದಳು. “ಸ್ಪಂಜ್ ಕೇಕ್ ತಗೊಳ್ಳಮ್ಮ. ನಮ್ಮಜ್ಜಿ ಕಲಿಸಿದ್ದು.”