ಬೆಳ್ಳಿಯ ದನಿ

"ಮೊದ್ಲು ನಿನ್ನ ಮುದುಕೀನ ಆಡ್ಸು. ಆಮೇಲೆ ನಮ್ಮನೆ ಹೊಸ ಸೊಸೆ," ಎಂದು ಹುಡುಕಾಟದ ಜೊತೆಗಾರ ಎಲ್ವುಡ್ ತನ್ನ ಹೊಸ ಮೆಟಲ್ ಡಿಟೆಕ್ಟರನ್ನು ಸೇಬಿನ ಮರಕ್ಕೆ ಒರಗಿಸಿದ. ಥೆಲ್ಮಾ ನಗಲಿಲ್ಲ. ತನ್ನ ಹಳೆಯ ಯಂತ್ರದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಹಿತ್ತಿಲ ನೆಲದಲ್ಲಿ ಸಾಲಾಗಿದ್ದ ಪುಟ್ಟ ಮರದ ಗೂಟಗಳ ಮುಂದೆ ನಿಂತಳು. ಒಂದೊಂದು ಗೂಟದ ಕೆಳಗೂ ಅವಳೇ ಕೈಯಾರೆ ಹೂತಿಟ್ಟದ್ದಿತ್ತು: ತುಕ್ಕು ಹಿಡಿದ ಮೊಳೆ, ಸೋಡಾ ಡಬ್ಬಿಯ ಅಲ್ಯೂಮಿನಿಯಂ ಉಂಗುರ, ತಾಮ್ರದ ಪೆನ್ನಿ, ಎಲ್ಲಕ್ಕಿಂತ ಆಳದಲ್ಲಿ ಒಂದು ಹಳೆಯ ಬೆಳ್ಳಿಯ ಡೈಮ್ ನಾಣ್ಯ. ಹಳೆ ನಾಣ್ಯ ಹುಡುಕುವ ಹುಚ್ಚು ಹತ್ತಿದವರ ಹಿತ್ತಿಲಲ್ಲಿ ಹೂವಿನ ಮಡಿ ಇರಲಿ ಬಿಡಲಿ, ಯಂತ್ರ ಪರೀಕ್ಷಿಸಲು ಇಂಥದೊಂದು ಮಡಿ ಇದ್ದೇ ಇರುತ್ತದೆ.

ಅವಳ ಯಂತ್ರಕ್ಕೆ ಪರದೆ ಇಲ್ಲ, ಅಂಕಿ ಇಲ್ಲ. ಇರುವುದು ದನಿ ಮಾತ್ರ; ಹೆಡ್‌ಫೋನ್ ಕಳಚಿದರೆ ಅದು ಯಂತ್ರದ ಬದಿಯ ಸ್ಪೀಕರಿನಿಂದ ಹೊರಬರುತ್ತದೆ. ಕಬ್ಬಿಣ ಸಿಕ್ಕರೆ ಗೊರಕೆ, ಅಲ್ಯೂಮಿನಿಯಂ ಸಿಕ್ಕರೆ ಕಪ್ಪೆಯ ಕೂಗು, ಬೆಳ್ಳಿಯಾದರೆ ನೂಲಿನೆಳೆಯಂಥ ಸಣ್ಣ ಮೇಲ್ದನಿ. ಆ ಎಳೆಯನ್ನು ಹಿಡಿದು, ಅಗೆಯುವ ಮುಂಚೆಯೇ "ಡೈಮ್" ಎಂದು ಹೇಳಿಬಿಡುವವಳೆಂದು ಸುತ್ತಿನ ಹುಡುಕಾಟದವರಲ್ಲೆಲ್ಲ ಅವಳಿಗೆ ಹೆಸರಿತ್ತು. ಈ ಬೇಸಿಗೆಯಲ್ಲಿ ಮಾತ್ರ ಅವಳ ಚೀಲಕ್ಕೆ ಬಂದದ್ದು ಬರೀ ಮೊಳೆ. ಹಳೇ ಶಾಲೆಯ ಅಂಗಳದಲ್ಲಿ ಅವಳು ಯಂತ್ರ ಬೀಸಿ ಬಿಟ್ಟ ಜಾಗದಲ್ಲೇ ಹಿಂದೆ ಬಂದ ಎಲ್ವುಡ್ ಬೆಳ್ಳಿ ಎತ್ತಿದ್ದ.

ಮೊಳೆ ಗೊರಕೆ ಹೊಡೆಯಿತು. ಉಂಗುರ ಕೂಗಿತು. ಪೆನ್ನಿ ಎಲ್ಲೋ ದೂರದಿಂದ ಗುನುಗಿದಂತಾಯಿತು. ಡೈಮಿನ ಗೂಟದ ಮೇಲೆ ಅವಳು ಒಮ್ಮೆ ಬೀಸಿದಳು, ನಿಧಾನಿಸಿ ಮತ್ತೊಮ್ಮೆ ಬೀಸಿದಳು. ಏನೂ ಇಲ್ಲ.

"ನೋಡು, ಆಗ್ಲೇ ಹೇಳ್ಲಿಲ್ವಾ? ಕೆಟ್ಟಿದೆ!" ಎಂದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ. ಗೆದ್ದವಳ ದನಿ ಅದು. ಕಳೆದ ಭಾನುವಾರ ಚರ್ಚಿನಲ್ಲಿ ಹಾಡು ಮುಗಿದ ಮೇಲೂ ಆರ್ಗನ್ ವಾದ್ಯದ ತೀರ ಸಣ್ಣ ಕೊಳವೆಯೊಂದು ಸಿಕ್ಕಿಕೊಂಡು ಕೀರಲು ದನಿ ಎಳೆಯುತ್ತಲೇ ಇತ್ತಂತೆ. ಮಕ್ಕಳು ಕಿವಿ ಮುಚ್ಚಿಕೊಂಡರಂತೆ. ಆರ್ಗನ್ನಿನ ಮುಂದೆ ಕುಳಿತಿದ್ದವಳು ಥೆಲ್ಮಾ. ಪಾದ್ರಿಯ ಹೆಂಡತಿ ಬಂದು ಭುಜ ಮುಟ್ಟಿದಾಗ, "ಪ್ರಾರ್ಥನೇಲಿ ಮುಳುಗಿಬಿಟ್ಟಿದ್ದೆ," ಎಂದಿದ್ದಳು. ಮದುವೆಗೂ ಮುಂಚಿನಿಂದ ಕುಳಿತ ಪೀಠ ಅದು. ಈಗ ಈ ಯಂತ್ರ ಕೆಟ್ಟಿದ್ದರೆ, ಆವತ್ತು ಹೇಳಿದ ಪ್ರಾರ್ಥನೆಯ ನೆಪವೂ ನಿಜವಾಗುತ್ತಿತ್ತು. ದೇವರೇ, ಯಂತ್ರವೇ ಕೆಟ್ಟಿರಲಿ ಎಂದು ಬೆಳಗಿನಿಂದ ಅವಳು ಬೇಡಿಕೊಳ್ಳುತ್ತಿದ್ದಳು.

ಎಲ್ವುಡ್ ತನ್ನ ಯಂತ್ರವನ್ನು ಡೈಮಿನ ಮೇಲೆ ಬೀಸಿದ. ಪರದೆಯ ಮೇಲೆ ಬೆಳ್ಳಿಯ ಅಂಕಿ ಮೂಡಿತು. "ನಮ್ಮ ಸೊಸೆ ಪಾಸು! ಮುದುಕೀನ ಇಲ್ಲಿ ಕೊಡು, ಏನಾಗಿದೆಯೋ ನೋಡ್ತೀನಿ," ಎಂದು ಅವಳ ಯಂತ್ರ ಇಸಿದುಕೊಂಡು, ಅವಳ ಹೆಡ್‌ಫೋನ್ ಏರಿಸಿಕೊಂಡು, ಅದೇ ಗೂಟದ ಮೇಲೆ ಹಾಯಿಸಿದ. ಅವನ ಕೈ ತಟ್ಟನೆ ನಿಂತಿತು. ಮತ್ತೆ ಹಾಯಿಸಿದ. ಆಮೇಲೆ ಅವಳ ಮುಖ ನೋಡದೆ ಹೆಡ್‌ಫೋನ್ ಕಿತ್ತು ಹುಲ್ಲಿನ ಮೇಲೆ ಹಾಕಿದ. ಆ ಎಳೆತಕ್ಕೆ ಅದರ ತಂತಿಯೂ ಯಂತ್ರದಿಂದ ಕಳಚಿ ಬಂತು.

"ಸತ್ತಿದೆ ಕಣೆ. ಪೂರ್ತಿ ಸತ್ತಿದೆ. ನನ್ ಹಳೇ ಪರದೆ ಯಂತ್ರ ಕಾರಲ್ಲೇ ಇದೆ, ಇವತ್ತಿಂದ ಅದು ನಿಂದು. ಅದ್ರಲ್ಲಿ ಅಂಕಿ ನೋಡ್ಕೊಂಡ್ರೆ ಸಾಕು, ಕೇಳಿಸ್ಕೊಳ್ಳೋದೇ ಬೇಡ."

"ಕೇಳಿಸ್ಕೊಳ್ದೆ ಹುಡುಕೋದು ಎಂಥಾ ಹುಡುಕೋದೋ? ಬಾಯಿಗೆ ಹಾಕ್ಕೊಳ್ದೆ ಸೇಬಿನ ಪೈ ರುಚಿ ಹೇಳ್ದಂಗೆ," ಎಂದು ಥೆಲ್ಮಾ ಈಗ ಮನಸಾರೆ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಎಲ್ವುಡ್ ಕಾರಿನತ್ತ ಹೋದ. ಅವನ ಮುದಿ ನಾಯಿ ಮಾತ್ರ ಮರದ ನೆರಳಲ್ಲಿ ಮೈಚೆಲ್ಲಿ ಮಲಗಿತ್ತು. ಅದರ ಹೆಸರು ಮೇಯರ್. ಎಲ್ಲರ ಮಾತೂ ಕೇಳಿಸಿಕೊಳ್ಳುತ್ತದೆ, ಏನೂ ಮಾಡುವುದಿಲ್ಲ ಎಂದು ಎಲ್ವುಡ್ಡೇ ಇಟ್ಟ ಹೆಸರು.

ಇಷ್ಟು ದಿನ ಜೊತೆಗಿದ್ದ ಯಂತ್ರವನ್ನು ಹುಲ್ಲಿನ ಮೇಲೆ ಬಿಡಲು ಮನಸ್ಸಾಗದೆ ಥೆಲ್ಮಾ ಎತ್ತಿಕೊಂಡಳು. ಕೈ ತನ್ನ ರೂಢಿಯಂತೆ ಡೈಮಿನ ಗೂಟದ ಮೇಲೆ ಬೀಸಿತು. ಹಿತ್ತಿಲೆಲ್ಲ ನಿಶ್ಶಬ್ದ. ಮೇಯರ್ ಮಾತ್ರ ತಲೆ ಎತ್ತಿ ಕಿವಿ ನಿಮಿರಿಸಿತು.

ಅವಳು ಯಂತ್ರವನ್ನು ಪಕ್ಕಕ್ಕೆ ಸರಿಸಿದಳು. ನಾಯಿ ತಲೆ ಇಳಿಸಿತು. ಮತ್ತೆ ಗೂಟದ ಮೇಲೆ ತಂದಳು. ನಾಯಿಯ ಎರಡೂ ಕಿವಿಗಳು ಮತ್ತೆ ಮೇಲೆದ್ದವು. ಯಂತ್ರದ ಬದಿಗೆ ಬೆರಳಿಟ್ಟಳು, ಸ್ಪೀಕರ್ ಸಣ್ಣಗೆ ನಡುಗುತ್ತಿತ್ತು. ತಲೆ ಎತ್ತಿದಾಗ, ಬಗಲಲ್ಲಿ ಪರದೆ ಯಂತ್ರದ ಪೆಟ್ಟಿಗೆ ಹಿಡಿದ ಎಲ್ವುಡ್ ಬೇಲಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದ.

"ಪೆಟ್ಟಿಗೆ ನೀನೇ ಇಟ್ಕೊ, ಎಲ್ವುಡ್."

"ಥೆಲ್ಮಾ, ನಾನು..."

"ನೀನು ಒಳ್ಳೇ ಮನುಷ್ಯ, ಸುಮ್ನಿರು. ಈ ಭಾನುವಾರ ಚರ್ಚಿಗೆ ಬರೋವಾಗ ಮೇಯರ್‌ನೂ ಕರ್ಕೊಂಡ್ ಬಾ." ಅವಳು ಗೂಟದ ಮೇಲೆ ಇನ್ನೊಮ್ಮೆ ಬೀಸಿ ನಾಯಿಯನ್ನೇ ನೋಡುತ್ತ ನಿಂತಳು. "ಆರ್ಗನ್ ಪಕ್ಕ ಕೂರ್ಸು. ಅದ್ರ ಕಿವಿ ನಂಗೆ ಕಾಣೋ ಹಾಗೆ."