ಕೊರ್ಡೋಬಾದ ಬದಿ

"ಇದು ಶೋಪೀಸು ಅಷ್ಟೇ ಅಜ್ಜ, ಎಕ್ಸಿಬಿಶನ್ನಿಗೆ ಆಗುದಿಲ್ಲ," ಎಂದು ಮ್ಯೂಸಿಯಮ್ಮಿನ ಹಳೆಯ ಯಂತ್ರಗಳನ್ನು ನೋಡಿಕೊಳ್ಳುವ ಸುಗುಣಾ ಹೇಳಿದಳು. ಇದಿನಬ್ಬ, ಸೂರ್ಯನ ಎತ್ತರ ಅಳೆದು ಹೊತ್ತು ಹೇಳುವ ಹಿತ್ತಾಳೆಯ ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತತೊಡಗಿದರು. ಉಳ್ಳಾಲದ ಅವರ ಮನೆಯಲ್ಲಿ ಏಳು ತಲೆಮಾರು ನಮಾಜಿನ ಹೊತ್ತು ನೋಡಿ ಜೋಪಾನ ಮಾಡಿದ್ದ ವಸ್ತು, ಈಗಷ್ಟೇ ಕಡಲಾಚೆಯ ಈ ಸ್ಯಾನ್ ಹೊಸೆಯ ಜನವರಿ ಬಿಸಿಲಿನಲ್ಲಿ, ಅಂಗಳದ ನೆರಳು-ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ ತೋರಿಸಿ ಎಲ್ಲರೆದುರು ಅವರ ಮಾನ ಕಳೆದಿತ್ತು.

ಬಟ್ಟೆ ಮುಚ್ಚುವ ಮುನ್ನ ಒಳತಟ್ಟೆಯ ಅರಬ್ಬಿ ಅಕ್ಷರ ಸುಗುಣಾಳ ಕಣ್ಣಿಗೆ ಬಿತ್ತು. ಮೆಕ್ಕಾ. ಮೇಲೆ ಕೂತದ್ದು ಮೆಕ್ಕಾದ ಬದಿ. ಊರೂರಿಗೆ ಸೂರ್ಯನ ಎತ್ತರ ಬೇರೆಯೆಂದು ಆ ಕಾಲದವರು ತಟ್ಟೆಯ ಎರಡು ಬದಿಗೆ ಎರಡು ಊರಿನ ಲೆಕ್ಕ ಕೊರೆಯುತ್ತಿದ್ದರು. ನಿನ್ನೆ ಅದನ್ನು ಬಿಚ್ಚಿ ಒರೆಸಿ, ಓದಿ ನೋಡದೆ ಮತ್ತೆ ಕೂರಿಸಿದವಳು ಅವಳೇ. ನಕಲಿ ಎಂಬ ವರದಿಗೆ ಸಹಿ ಹಾಕಿದವಳೂ ಅವಳೇ. ಮ್ಯೂಸಿಯಮ್ಮಿನ ಡೈರೆಕ್ಟರು ಆಗಲೇ ಬಾಗಿಲತ್ತ ಹೊರಟಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಗಂಟು ಹಾಕ್ಬೇಡಿ ಅಜ್ಜ. ತಪ್ಪು ನಂದು!"

ಅವಳ ಕೂಗಿಗೆ ಡೈರೆಕ್ಟರೂ ತಿರುಗಿ ಬಂದರು. ತಟ್ಟೆ ಬಿಚ್ಚಿ, ಮಗುಚಿ ಕೂರಿಸಿದಳು. ಆ ಬದಿಗೆ ಕೊರ್ಡೋಬಾ, ಹೆಚ್ಚುಕಡಿಮೆ ಸ್ಯಾನ್ ಹೊಸೆಯಷ್ಟೇ ಉತ್ತರಕ್ಕಿರುವ ಊರು. ಯಂತ್ರವನ್ನು ಬಿಸಿಲಿಗೆ ಹಿಡಿದು ಮುಳ್ಳು ಸರಿಸಿದಳು. ಎರಡೂ ಮುಕ್ಕಾಲು. ನೆರಳು-ಗಡಿಯಾರದಲ್ಲೂ ಎರಡೂ ಮುಕ್ಕಾಲು.

ಇದಿನಬ್ಬ ನೆರಳು-ಗಡಿಯಾರದತ್ತ ತಿರುಗಿಯೂ ನೋಡಲಿಲ್ಲ. ಯಂತ್ರವನ್ನಷ್ಟೇ ನೋಡಿ, ಖಾಲಿ ಕರವಸ್ತ್ರವನ್ನು ಮಡಚಿ ಜೇಬಿಗಿಳಿಸಿದರು.

"ಹಾಗಾದ್ರೆ ಅಸರ್ ನಮಾಜಿಗೆ ಹೊತ್ತಾಯ್ತು ಮಗಾ," ಎಂದರು.