ಗುಂಡವ್ವನ ಪಥ್ಯ

ಹಾಲು ಬಂದ್, ತುಪ್ಪ ಬಂದ್, ಹಾಲಲ್ಲಿ ಹಿಚುಕಿದ ರೊಟ್ಟಿಯೂ ಬಂದ್. ಇನ್ನು ಮೇಲೆ ಚರ್ಮ ತೆಗೆದ ಕೋಳಿಯನ್ನು ಉಪ್ಪು ಖಾರ ಹಾಕದೆ ಬರೀ ನೀರಲ್ಲಿ ಬೇಯಿಸಿ ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು ಎಂದು ಜಲನಗರದ ಪಶುವೈದ್ಯೆ ಹೇಳಿದಾಗ ರೇಣುಕವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಸುತ್ತ ನೋಡಿದಳು. ಪುಣ್ಯಕ್ಕೆ ಪರಿಚಯದವರು ಯಾರೂ ಇರಲಿಲ್ಲ. ಮೇಜಿನ ಮೇಲೆ ಅವಳ ಬೆಕ್ಕು ಗುಂಡವ್ವ, ಈಗ ಹೆಸರಿಗಷ್ಟೇ ಗುಂಡವ್ವ, ಹಿಂಡಿದ ಟವೆಲ್ಲಿನ ಹಾಗೆ ಬಿದ್ದುಕೊಂಡಿತ್ತು.

"ಬಾಯಾರ, ನಾವು ಐನಾರ ಮಂದಿರಿ," ಎಂದಳು ದನಿ ಇಳಿಸಿ. "ನಮ್ಮನ್ಯಾಗ ತತ್ತಿ ಸೈತ ಬರಂಗಿಲ್ಲ."

"ನೀವು ಐನಾರು, ಖರೆ. ಬೆಕ್ಕಿಗ್ಯಾರು ದೀಕ್ಷಾ ಕೊಟ್ಟಾರ್ರಿ?"

ಇದಕ್ಕೆ ಹಾಲು ಪಚನವಾಗುವುದಿಲ್ಲ, ಅದಕ್ಕೇ ಈ ವಾಂತಿ, ಲಿವರ್ ಬಾತಿದೆ, ಪೂರ್ತಿ ವಾಸಿಯಾಗುವ ಬೇನೆಯಲ್ಲ, ಪಥ್ಯವೇ ಇದರ ಔಷಧಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ಪಥ್ಯ ತಪ್ಪಿದರೆ ದಸರೆ ಕಾಣುವುದಿಲ್ಲ ಎಂದೂ ಹೇಳಿದರು.

ಇಬ್ರಾಹಿಂಪುರದವರೆಗೆ ಆಟೋದಲ್ಲಿ ರೇಣುಕವ್ವ ಗಂಡನಿಗೆ ಹೇಗೆ ಹೇಳುವುದು ಎಂದೇ ಮಾತು ಜೋಡಿಸಿದಳು. ಜಂಗಮನಾಗಿ ಮನೆ ಮನೆಗೆ ಪೂಜೆಗೆ ಹೋಗುವ ಬಸಲಿಂಗಯ್ಯ ಎಲ್ಲ ಕೇಳಿಸಿಕೊಂಡು, ಗಡ್ಡ ನೀವಿಕೊಂಡು, ಬಹಳ ಹೊತ್ತು ಬೆಕ್ಕನ್ನೇ ನೋಡಿದ. ಅದನ್ನು ಕಣ್ಣು ಬಿಡದ ಮರಿಯಿದ್ದಾಗ ಜೋಳಿಗೆಯಲ್ಲಿ ಹಾಕಿಕೊಂಡು ತಂದವನು ಅವನೇ. ಕೊನೆಗೆ ತೀರ್ಪು ಕೊಟ್ಟ: "ಗ್ವಾಡಿ ಆಚೀಕ ಅದು ಏನ್ ತಿಂತೈತೋ ನಾ ನೋಡಾಕ ಹೋಗಂಗಿಲ್ಲ. ಆದ್ರ ಆ ಬಾಯಿಲೆ ದೇವರ ಮನಿ ಹೊಸ್ತಿಲಾ ದಾಟಬಾರದು."

ಗೋಡೆಯ ಆಚೆ ಸಬೀರಾಳ ಮನೆ. ಅವಳು ಎರಡನೇ ಮಾತಿಲ್ಲದೆ ಒಪ್ಪಿಕೊಂಡಳು. ಅರಿಶಿನ ಕೂಡ ಹಾಕದ ಕೋಳಿ ಬೇಯಿಸುವುದು ಮಾತ್ರ ಅವಳಿಗೆ ನಾಚಿಕೆಯ ಕೆಲಸ. ನಮ್ಮತ್ತೆ ಬದುಕಿದ್ದು ಇದನ್ನು ನೋಡಿದ್ದರೆ ನನ್ನನ್ನು ತವರಿಗೆ ಕಳಿಸುತ್ತಿದ್ದಳು ಎಂದು ಓಣಿಯಲ್ಲೆಲ್ಲ ಹೇಳಿ ನಕ್ಕಳು. ಗುಂಡವ್ವ ಬೆಳಿಗ್ಗೆ ಗೋಡೆ ಹಾರಿ ಹೋಗಿ ತಿಂದು ಬರುವುದು, ಮಧ್ಯಾಹ್ನ ಮತ್ತೆ ಹಾರುವುದು. ನಾಗರಪಂಚಮಿ ಬರುವಷ್ಟರಲ್ಲಿ ಮೈಗೆ ಹೊಳಪು ಬಂತು, ಹೆಸರಿಗೆ ಅರ್ಥವೂ ಬಂತು.

ಅಷ್ಟರಲ್ಲಿ ಮತ್ತೆ ವಾಂತಿ ಸುರುವಾಯಿತು. ಬಿರಿಯಾನಿಯ ಎಲುಬು ಏನಾದರೂ ಬಾಯಿಗೆ ಬಿತ್ತೇನು ಎಂದು ರೇಣುಕವ್ವ ಗೋಡೆಯ ಮೇಲಿಂದ ಮೆತ್ತಗೆ ಕೇಳಿದಳು. ಮೆತ್ತಗೆ ಕೇಳಿದರೂ ಅದು ನೆಟ್ಟಗೇ ಹೋಗಿ ನಾಟಿತು.

"ನಾ ಅದಕ್ಕಂತ ಬ್ಯಾರೆ ಬೋಗಾಣಿ ಇಟ್ಟೀನಿ, ಅಕ್ಕಾ. ಮೊದಲ ನಿಮ್ಮನ್ಯಾಗ ಕೆನಿ ಪಾತೇಲಿ ಮುಚ್ಚಿರ್ತೀರೋ ಇಲ್ಲೋ ನೋಡಕೊಳ್ರಿ," ಎಂದು ಸಬೀರಾ ಒಳಗೆ ಹೋದಳು. ಆಮೇಲೆ ಗೋಡೆಯನ್ನು ಗುಂಡವ್ವ ದಾಟಿತೇ ಹೊರತು ಮಾತು ದಾಟಲಿಲ್ಲ.

ಸೋಮವಾರ ಬೆಳಿಗ್ಗೆ ರೇಣುಕವ್ವ ಹಿತ್ತಲಿಂದ ಹೂವು ತಂದಾಗ ಗಂಡನ ಅಭಿಷೇಕ ಮುಗಿದಿತ್ತು. ಗುಂಡವ್ವ ಹೊಸ್ತಿಲ ಹೊರಗೇ, ಭಕ್ತಿಯಿಂದ ಬಾಲ ಸುತ್ತಿಕೊಂಡು ಕೂತಿತ್ತು. ಬಸಲಿಂಗಯ್ಯ ಒಳಗಿನಿಂದ ಕೈ ಚಾಚಿ ಅದರ ಮುಂದಿನ ಎಲೆಗೆ ಚಮಚದಿಂದ ಬಿಳಿಯದೇನೋ ಬಿಡುತ್ತಿದ್ದ.

"ಹಾಲ ಕೊಡಾಕತ್ತೀರೇನ್ರಿ?"

"ಹಾಲಲ್ಲ. ಪಂಚಾಮೃತ. ಶ್ರಾವಣ ಐತೆಲ್ಲ, ದಿನಾ ಅಭಿಷೇಕ."

"ಪಂಚಾಮೃತದಾಗ ಏನೇನ ಇರತೈತ್ರಿ?"

"ಹಾಲು, ಮೊಸರು, ತುಪ್ಪ..." ಎಂದವನು ತುಪ್ಪದಲ್ಲೇ ಜಾರಿದ. ಜೇನಿನ ತನಕ ಹೋಗಲು ಧೈರ್ಯವಾಗಲಿಲ್ಲ. ಚಮಚ ಕೆಳಗಿಟ್ಟು, ಹೆಂಡತಿಗೆ ಹೇಳಿದನೋ ದೇವರಿಗೆ ಹೇಳಿದನೋ: "ಓಣಿ ಮಂದಿ ಎಲ್ಲಾ ಪ್ರಸಾದದ ಹೊತ್ತಿಗಿ ಬರ್ತಾರ. ಇದೊಂದ ನೋಡು, ಮೊದಲಿಂದ ಕಡೀತನಾ ಕುಂಡ್ರತೈತಿ. ಪೂಜಿಗಿ ಕುಂತವರನ್ನ ಬರಿಗೈಲೆ ಹ್ಯಾಂಗ ಕಳಸೂದು?"

ಕೋಳಿಯ ಬಟ್ಟಲು ಹಿಡಿದು ಬೆಕ್ಕನ್ನು ಕರೆಯಲು ಬಂದಿದ್ದ ಸಬೀರಾಗೆ ಗೋಡೆಯ ಆಚೆಯಿಂದ ಇದೆಲ್ಲ ಕೇಳಿಸಿತು. ಬಸಲಿಂಗಯ್ಯನ ದನಿ ಕೇಳಿದಾಗಲೆಲ್ಲ ಮಾಡುವ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನಾಲಿಗೆಯ ಮೇಲೆ ಮಾತ್ರ ಏನೂ ಎಳೆದುಕೊಳ್ಳಲಿಲ್ಲ.

"ವಿಷಾ ಹಾಕಿ ಕೊಂದವ್ರ ಸುದ್ದಿ ಕೇಳೇನ್ರಿ ಐನಾರ. ಅಮೃತ ಕುಡಿಸಿ ಕೊಲ್ಲಾವ್ರು ನೀವ ಮೊದಲಿಗ್ರು ನೋಡ್ರಿ."

ರೇಣುಕವ್ವನಿಗೆ ನಗು ತಡೆಯಲಾಗಲಿಲ್ಲ. ಕೈಯ ಹೂವನ್ನು ದೇವರಿಗಿಂತ ಮೊದಲು ಗೋಡೆಯ ಹತ್ತಿರ ಒಯ್ದು, ಒಂದು ಸೇವಂತಿಗೆ ಆಚೆ ಚಾಚಿದಳು. "ಸಿಟ್ಟ ಬಿಡ ಬೇ ಸಬೀರಾ. ಕಳ್ಳನ್ನ ಮನಿಯಾಗ ಇಟಕೊಂಡು ಓಣಿ ಹುಡುಕೀನಿ."

ಮರುದಿನ ಅಭಿಷೇಕ ಮುಗಿಸಿದ ಬಸಲಿಂಗಯ್ಯ ಪಂಚಾಮೃತದ ಬಟ್ಟಲನ್ನು ಎತ್ತರದ ಗೂಡಿನಲ್ಲಿಟ್ಟ. ಗೋಡೆಯ ಆಚೆ ಉಂಡು ಬಂದ ಗುಂಡವ್ವ ಹೊಸ್ತಿಲ ಹೊರಗೆ ತನ್ನ ಜಾಗದಲ್ಲಿ ಕೂತಿತು. ಅವನು ಮುಖ ತಿರುಗಿಸಿದ. ಕೊಡಲು ಏನೂ ಇರಲಿಲ್ಲ. ಬೆಕ್ಕು ಅವಸರ ಮಾಡಲಿಲ್ಲ. ಮುಂಗಾಲು ನೆಕ್ಕಿಕೊಂಡು ಬಾಯಿ ಒರೆಸಿತು, ಮೀಸೆ ಒರೆಸಿತು, ಕಿವಿಯ ಹಿಂದೆ ಕೂಡ ಬಿಡದೆ ತಿಕ್ಕಿಕೊಂಡಿತು. ಬಸಲಿಂಗಯ್ಯ ಓರೆಗಣ್ಣಿಂದ ಎಲ್ಲ ನೋಡುತ್ತಿದ್ದ.

"ಏ ರೇಣುಕಾ, ಬಾ ಇಲ್ಲಿ. ಮಾರಿ ತೊಳಕೊಂಡ ಕುಂತೈತಿ ನೋಡು."

ಆಮೇಲೆ ವಿಭೂತಿಯ ಗಟ್ಟಿಗೆ ಬೆರಳು ತಿಕ್ಕಿ, ಹೊಸ್ತಿಲ ಆಚೆಗೆ ಬಾಗಿ, ಅದರ ಎರಡು ಕಿವಿಗಳ ನಡುವೆ ಮೂರೆಳೆ ಎಳೆದ. ಪಥ್ಯಕ್ಕೆ ಇದರಿಂದ ಏನೂ ಅಡ್ಡಿಯಿರಲಿಲ್ಲ.

ಮಧ್ಯಾಹ್ನ ಗೋಡೆ ಹಾರಿ ಬಂದ ಗುಂಡವ್ವನನ್ನು ಕಂಡು ಸಬೀರಾ ಗಕ್ಕನೆ ಎದ್ದು ನಿಂತಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಆಮೇಲೆ ಕೋಳಿಯ ಬಟ್ಟಲನ್ನು ಅದರ ಮುಂದಿಟ್ಟಳು.